ಒಂದು ವಿಶ್ವವಿದ್ಯಾನಿಲಯದ ಸ್ತ್ರೀಯರ ಫುಟ್‌ಬಾಲ್ ತಂಡದ ಚರಿತ್ರೆ

ಹೆಣ್ಣುಮಕ್ಕಳಿಗೆ ಆಟದ ಬಯಲಿನಲ್ಲಿ ಏನು ಕೆಲಸವೆಂದು ಕೇಳುವವರು ಎಲ್ಲಾ ದೇಶಗಳಲ್ಲಿಯೂ ಇದ್ದರು. ಈಗಲೂ ಅಲ್ಲಲ್ಲಿ ಇರುವರು. ಈ ಪ್ರಶ್ನೆಗೆ ವಾದದಿಂದ ಉತ್ತರ ಕೊಡುವುದಕ್ಕಿಂತ ಒಂದು ಚರಿತ್ರೆಯನ್ನು ಹೇಳುವುದು ಲೇಸೆಂದು ನಮಗೆ ತೋರುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನಗಳೊಳಗೆ ಒಂದಾದ ಉತ್ತರ ಕೆರೊಲೈನಾದ ಚಾಪೆಲ್ ಹಿಲ್ ಎಂಬ ಊರಿನ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿನಿಯರ ಒಂದು ಸಣ್ಣ ಸಂಘವು ಹೇಗೆ ಲೋಕಪ್ರಸಿದ್ಧವಾದ ತಂಡವಾಯಿತೆಂಬುದನ್ನು ಇಲ್ಲಿ ಸಂಗ್ರಹವಾಗಿ ವಿವರಿಸುವೆವು.

ಮೊದಲು ಹೆಸರಿನ ವಿಷಯವಾಗಿ ಒಂದು ಮಾತು. ನಾವು ಫುಟ್‌ಬಾಲ್ ಎನ್ನುವ ಆಟವನ್ನು ಅಮೆರಿಕದವರು ಸಾಕರ್ ಎಂದು ಕರೆಯುವರು. ಅವರು ಫುಟ್‌ಬಾಲ್ ಎನ್ನುವುದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೊಂದು ಆಟ. ಉತ್ತರ ಕೆರೊಲೈನಾದ ಆಟಗಾರರಿಗೆ ಟಾರ್ ಹೀಲ್ಸ್, ಅಂದರೆ ಹಿಮ್ಮಡಿಗೆ ಟಾರು ಮೆತ್ತಿದವರು, ಎಂಬ ಅಡ್ಡಹೆಸರುಂಟು. ಆ ಸೀಮೆಯ ಪೈನ್ ಮರಗಳಿಂದ ಪೂರ್ವಕಾಲದಲ್ಲಿ ಟಾರನ್ನು ಹೇರಳವಾಗಿ ತೆಗೆಯುತ್ತಿದ್ದುದೇ ಈ ಹೆಸರಿನ ಮೂಲ.

ಸ್ತ್ರೀಯರು ಈ ಆಟವನ್ನಾಡಿದ್ದು ಇತ್ತೀಚಿನ ಸಂಗತಿಯಲ್ಲ. ಇಂಗ್ಲೆಂಡಿನಲ್ಲಿ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಗಳ ಹೆಣ್ಣಾಳುಗಳು ತಂಡಗಳನ್ನು ಕಟ್ಟಿಕೊಂಡು ಧರ್ಮಕಾರ್ಯಗಳಿಗಾಗಿ ಹಣವನ್ನು ಕೂಡಿಸುತ್ತಿದ್ದರು. 1920ನೇ ಇಸವಿ ಡಿಸೆಂಬರ್ 26ರಂದು ಲಿವರ್‌ಪೂಲಿನಲ್ಲಿ ನಡೆದ ಅಂಥ ಒಂದು ಪಂದ್ಯವನ್ನು ನೋಡಲು ಸುಮಾರು 53,000 ಜನರು ನೆರೆದಿದ್ದರು. ಆದರೆ ಮರುವರ್ಷವೇ, 1921ನೇ ಡಿಸೆಂಬರ್ 5ರಂದು, ಅಲ್ಲಿನ ಫುಟ್‌ಬಾಲ್ ಸಂಸ್ಥೆಯು ಈ ಆಟವು ಸ್ತ್ರೀಯರಿಗೆ ತಕ್ಕುದಲ್ಲವೆಂದು ತೀರ್ಮಾನಿಸಿ, ತನ್ನ ಅಧೀನದ ಬಯಲುಗಳನ್ನು ಅವರಿಗೆ ಕೊಡಬಾರದೆಂದು ಅಪ್ಪಣೆ ಮಾಡಿತು. ಈ ಅಪ್ಪಣೆಯು ಸುಮಾರು 50 ವರ್ಷ ಜಾರಿಯಲ್ಲಿತ್ತು. ಆಟಗಾರ್ತಿಯರಿಗೆ ಶಕ್ತಿಯಾಗಲಿ ಆಸಕ್ತಿಯಾಗಲಿ ಕಡಮೆಯಾಗಿರಲಿಲ್ಲ. ಇಲ್ಲದೆ ಹೋದದ್ದು ಬಯಲು ಮಾತ್ರ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಯಾಕಂದರೆ ಮುಂದಿನ ಕಥೆಯೆಲ್ಲಾ ಇದರ ಮೇಲೆಯೇ ನಿಂತಿರುವುದು.

ಚಾಪೆಲ್ ಹಿಲ್ಲಿನ ವಿಶ್ವವಿದ್ಯಾನಿಲಯವು 1795ರಲ್ಲಿ ವಿದ್ಯಾರ್ಥಿಗಳಿಗೆ ಬಾಗಿಲು ತೆರೆಯಿತು. ಸ್ತ್ರೀಯರಿಗೆ ಪ್ರವೇಶವು ದೊರೆತದ್ದು ಅದಾಗಿ 100 ವರ್ಷಗಳು ಕಳೆದ ಮೇಲೆ, 1897ರಲ್ಲಿ. ಆಗಲೂ ಗಂಡುಮಕ್ಕಳಿಗಿದ್ದಷ್ಟು ಧಾರಾಳವಾಗಿ ಸ್ಥಳವು ಸಿಕ್ಕಲಿಲ್ಲ. ಈ ಅಂತರವನ್ನು ಕಡಮೆ ಮಾಡಿದ್ದು 1972ನೇ ಜೂನ್ 23ರಂದು ಅಧ್ಯಕ್ಷ ನಿಕ್ಸನ್ನರ ರುಜುವಾದ ಒಂದು ಶಾಸನ. ಶಿಕ್ಷಣ ಕಾಯಿದೆಯ ಒಂಬತ್ತನೆಯ ಪ್ರಕರಣವೆಂದು ಹೆಸರಾದ ಇದರ ಮುಖ್ಯ ವಾಕ್ಯದಲ್ಲಿ ಇಂಗ್ಲಿಷಿನ 37 ಪದಗಳು ಮಾತ್ರ ಇರುವುವು. ಕೇಂದ್ರ ಸರಕಾರದ ಹಣವನ್ನು ಪಡೆಯುವ ಯಾವ ವಿದ್ಯಾಸಂಸ್ಥೆಯಲ್ಲಿಯೂ ಹೆಣ್ಣು ಗಂಡೆಂಬ ಕಾರಣದಿಂದ ಯಾರನ್ನೂ ಹೊರಗಿಡಕೂಡದೆಂಬುದೇ ಅದರ ತಾತ್ಪರ್ಯ. ಆ ವಾಕ್ಯದಲ್ಲಿ ಆಟವೆಂಬ ಶಬ್ದವೇ ಇಲ್ಲ. ಆದರೂ ಆಟಪಾಟಗಳು ವಿದ್ಯಾಭ್ಯಾಸದ ಭಾಗವಾಗಿರುವುದರಿಂದ ಅವುಗಳಿಗೂ ಅದು ಅನ್ವಯಿಸಿತು. ಶಾಸನವು ಹುಟ್ಟಿದ ಕಾಲದಲ್ಲಿ ಅಮೆರಿಕದ ಹೈಸ್ಕೂಲುಗಳ ಪಂದ್ಯಗಳಲ್ಲಿ ಆಡುತ್ತಿದ್ದ ಹುಡುಗಿಯರು 3 ಲಕ್ಷಕ್ಕಿಂತ ಕಡಮೆ. ಮುಂದೆ ಆ ಸಂಖ್ಯೆಯು 30 ಲಕ್ಷವನ್ನು ದಾಟಿತು.

ಆದರೆ ಶಾಸನವು ತಾನಾಗಿ ಬಂದು ಚೆಂಡನ್ನು ಕೈಗೆ ಕೊಡುವುದಿಲ್ಲ. ಚಾಪೆಲ್ ಹಿಲ್ಲಿನಲ್ಲಿ ವಿದ್ಯಾರ್ಥಿನಿಯರು ತಾವೇ ಒಂದು ಸಂಘವನ್ನು ಮಾಡಿಕೊಂಡು ಆಡುತ್ತಿದ್ದರು. ತಮ್ಮನ್ನು ವಿಶ್ವವಿದ್ಯಾನಿಲಯದ ಅಧಿಕೃತ ತಂಡವಾಗಿ ಅಂಗೀಕರಿಸಬೇಕೆಂದು ಅವರು ಕ್ರೀಡಾವಿಭಾಗದ ಮುಖ್ಯಾಧಿಕಾರಿಗೆ ಮನವಿ ಮಾಡಿಕೊಂಡರು. ಅಧಿಕಾರಿಯು ಪುರುಷರ ತಂಡದ ಶಿಕ್ಷಕರಾಗಿದ್ದ ಆ್ಯನ್ಸನ್ ಡೊರಾನ್ಸ್ ಎಂಬವರನ್ನು ಕರೆದು, ಈ ಹೆಣ್ಣುಮಕ್ಕಳ ಆಟವನ್ನು ನೋಡಿ ಅಭಿಪ್ರಾಯವನ್ನು ತಿಳಿಸುವಂತೆ ಹೇಳಿದರು. ಅಭಿಪ್ರಾಯವು ಅನುಕೂಲವಾಗಿ ಬಂದುದರಿಂದ 1979ರಲ್ಲಿ ತಂಡವು ಅಧಿಕೃತವಾಯಿತು, ಶಿಕ್ಷಕರ ಹೊಣೆಯೂ ಅವರ ಮೇಲೆಯೇ ಬಿದ್ದಿತು. 1951ರಲ್ಲಿ ನಮ್ಮ ದೇಶದ ಮುಂಬಯಿಯಲ್ಲಿ ಜನಿಸಿದ ಇವರು 1988ರ ವರೆಗೆ ಎರಡು ತಂಡಗಳನ್ನೂ, ಆ ಬಳಿಕ ಸ್ತ್ರೀಯರ ತಂಡವೊಂದನ್ನೇ ನಡೆಸಿದರು.

ಫಲವು ಬೇಗನೆ ಕಾಣಿಸಿತು. 1981ರಲ್ಲಿ ಚಾಪೆಲ್ ಹಿಲ್ಲಿನಲ್ಲಿಯೇ ನಡೆದ ಕಾಲೇಜು ಸ್ತ್ರೀಯರ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಈ ತಂಡವು ಸೆಂಟ್ರಲ್ ಫ್ಲಾರಿಡಾ ತಂಡವನ್ನು 1-0ರಿಂದ ಸೋಲಿಸಿತು. ಮರುವರ್ಷ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘವು ಸ್ತ್ರೀಯರಿಗಾಗಿ ಮೊದಲ ಸಾರಿ ಏರ್ಪಡಿಸಿದ ಪಂದ್ಯಾವಳಿಯಲ್ಲಿಯೂ ಅದೇ ಎದುರಾಳಿಯನ್ನು ಗೆದ್ದಿತು. 1985ರ ಅಂತಿಮ ಪಂದ್ಯದಲ್ಲಿ ಜಾರ್ಜ್ ಮೇಸನ್ ತಂಡದ ಮುಂದೆ ಸೋತಿತಾದರೂ, 1986ರಿಂದ 1994ರ ವರೆಗೆ 9 ವರ್ಷ ಎಡೆಬಿಡದೆ ಪ್ರಶಸ್ತಿಯನ್ನು ತನ್ನಲ್ಲಿಯೇ ಇಟ್ಟುಕೊಂಡಿತು. 1986ರಿಂದ 1990ರ ನಡುವೆ 103 ಪಂದ್ಯಗಳಲ್ಲಿ ಒಮ್ಮೆಯೂ ಸೋಲಲಿಲ್ಲ. ಆ ಸರಣಿಯು ಕನೆಕ್ಟಿಕಟ್ ತಂಡದ ಕೈಯಲ್ಲಿ ಮುರಿದ ಮೇಲೆ, ಪುನಃ 92 ಪಂದ್ಯಗಳನ್ನು ಸಾಲಾಗಿ ಗೆದ್ದಿತು.

ಇದರ ಗುಟ್ಟೇನು? ಮುಖ್ಯವಾಗಿ ಎರಡು ಕಾರಣಗಳನ್ನು ಹೇಳಬಹುದು. ಮೊದಲನೆಯದು ಅಭ್ಯಾಸದ ಕ್ರಮ. ಅದೇ ವಿಶ್ವವಿದ್ಯಾನಿಲಯದ ಬಾಸ್ಕೆಟ್‌ಬಾಲ್ ಶಿಕ್ಷಕರಾದ ಡೀನ್ ಸ್ಮಿತ್ತರು ಅಭ್ಯಾಸದ ಪ್ರತಿಯೊಂದು ಅಂಶವನ್ನೂ ಬರೆದಿಡಿಸುತ್ತಿದ್ದುದನ್ನು ನೋಡಿ, ಡೊರಾನ್ಸರು ಅದೇ ಪದ್ಧತಿಯನ್ನು ಅನುಸರಿಸಿದರು. ಓಟ, ಒದೆತ, ಒಬ್ಬಳಿಗೊಬ್ಬಳು ಎದುರಾಗಿ ಚೆಂಡಿಗಾಗಿ ಸೆಣಸುವುದು, ಇವೆಲ್ಲದರಲ್ಲಿಯೂ ಗೆಲುವು ಸೋಲುಗಳನ್ನು ದಾಖಲು ಮಾಡಿ, ಆಟಗಾರ್ತಿಯರನ್ನು ಅನುಕ್ರಮವಾಗಿ ಪಟ್ಟಿಮಾಡಿ, ಎಲ್ಲರೂ ನೋಡುವಂತೆ ತೂಗಹಾಕುತ್ತಿದ್ದರು. ಗೆಳತಿಯನ್ನು ಸೋಲಿಸಲು ಸಂಕೋಚಪಡುವ ಹುಡುಗಿಯರಿಗೆ, ಬಯಲಿನಲ್ಲಿ ಪೂರ್ಣ ಬಲದಿಂದ ಎದುರಿಸುವುದು ಗೆಳೆತನಕ್ಕೆ ವಿರೋಧವಲ್ಲವೆಂದು ಕಲಿಸುವುದೇ ಇದರ ಉದ್ದೇಶ. ಎರಡನೆಯದು ಆಟದ ರೀತಿ. ಎದುರಾಳಿಯ ಅರ್ಧದಲ್ಲಿಯೇ ಮುನ್ನುಗ್ಗಿ ಚೆಂಡನ್ನು ಕಸಿದುಕೊಳ್ಳುವ ಈ ರೀತಿಯು ಬಹಳ ದಣಿವನ್ನುಂಟುಮಾಡುವುದು. ಆದರೆ ಅಮೆರಿಕದ ಕಾಲೇಜು ನಿಯಮಗಳ ಪ್ರಕಾರ ಹೊರಗೆ ಬಂದ ಆಟಗಾರ್ತಿಯು ತಿರಿಗಿ ಒಳಗೆ ಹೋಗಬಹುದು. ಆದುದರಿಂದ ಹನ್ನೊಂದು ಮಂದಿಯನ್ನಷ್ಟೇ ನಂಬದೆ, ಅನೇಕರನ್ನು ಸರದಿಯಿಂದ ಆಡಿಸಿ, ವೇಗವು ಕುಂದದಂತೆ ನೋಡಿಕೊಂಡರು.

ತಂಡದ ಪ್ರಯೋಜನವು ಕಾಲೇಜಿನ ಎಲ್ಲೆಯನ್ನು ದಾಟಿತು. 1991ರಲ್ಲಿ ಸ್ತ್ರೀಯರ ಮೊದಲ ವಿಶ್ವಕಪ್ ಪಂದ್ಯಾವಳಿಯು ಚೀನಾದಲ್ಲಿ ನಡೆಯಿತು. ಆಗ ಒಂದೊಂದು ಪಂದ್ಯಕ್ಕೆ 90 ನಿಮಿಷಗಳ ಬದಲಾಗಿ 80 ನಿಮಿಷಗಳನ್ನು ಮಾತ್ರ ಇಟ್ಟಿದ್ದರೆಂಬುದು, ಸ್ತ್ರೀಯರ ಶಕ್ತಿಯ ವಿಷಯದಲ್ಲಿ ಆ ಕಾಲಕ್ಕೂ ಉಳಿದಿದ್ದ ಸಂಶಯವನ್ನು ತೋರಿಸುತ್ತದೆ. ಅಮೆರಿಕದ ತಂಡದ 18 ಮಂದಿಯಲ್ಲಿ 9 ಮಂದಿ ಚಾಪೆಲ್ ಹಿಲ್ಲಿನವರು. ಶಿಕ್ಷಕರು ಡೊರಾನ್ಸರೇ, ನಾಯಕಿ ಏಪ್ರಿಲ್ ಹೈನ್ರಿಕ್ಸ್. ನವೆಂಬರ್ 30ರಂದು ಗ್ವಾಂಗ್‌ಜೌ ನಗರದಲ್ಲಿ ಅವರು ನಾರ್ವೆಯನ್ನು 2-1ರಿಂದ ಗೆದ್ದರು. ಎರಡು ಗೋಲುಗಳನ್ನೂ ಹೊಡೆದ ಮಿಶೆಲ್ ಏಕರ್ಸ್ ಎಂಬಾಕೆಯು ಹಿಂದೆ ಹೇಳಿದ ಸೆಂಟ್ರಲ್ ಫ್ಲಾರಿಡಾದಲ್ಲಿ ಓದಿದವಳು. ಹೀಗೆ ಕಾಲೇಜಿನಲ್ಲಿ ಎದುರಾಳಿಗಳಾಗಿದ್ದ ಸಂಸ್ಥೆಗಳ ಮಕ್ಕಳು ದೇಶಕ್ಕಾಗಿ ಒಂದಾದರು. ಆ ತಂಡದಲ್ಲಿ 19 ವರ್ಷದ ಹುಡುಗಿಯಾಗಿದ್ದ ಮಿಯಾ ಹ್ಯಾಮ್ ಮುಂದೆ ಲೋಕಪ್ರಸಿದ್ಧಳಾದಳು. 1999ರ ಜುಲೈ 10ರಂದು ಕ್ಯಾಲಿಫೋರ್ನಿಯಾದಲ್ಲಿ ನಡೆದ ವಿಶ್ವಕಪ್ಪಿನ ಅಂತಿಮ ಪಂದ್ಯಕ್ಕೆ 90,185 ಪ್ರೇಕ್ಷಕರು ಬಂದಿದ್ದರು. ಆ ದಿನ ಚೀನಾ ತಂಡದ ಮುಂದೆ ಅಮೆರಿಕವನ್ನು ನಡೆಸಿದ ನಾಯಕಿ ಕಾರ್ಲಾ ಓವರ್‌ಬೆಕ್, ಗೋಲುಗೆರೆಯ ಬಳಿ ತಲೆಯಿಂದ ಚೆಂಡನ್ನು ತಡೆದು ತಂಡವನ್ನು ಉಳಿಸಿದ ಕ್ರಿಸ್ಟೀನ್ ಲಿಲ್ಲಿ, ಇಬ್ಬರೂ ಇದೇ ಚಾಪೆಲ್ ಹಿಲ್ಲಿನ ಪದವೀಧರೆಯರು.

ಹೊಗಳಿಕೆಯ ನಡುವೆ ಒಂದು ಕಹಿಯಾದ ಸಂಗತಿಯನ್ನು ಮರೆಮಾಡುವುದು ನ್ಯಾಯವಲ್ಲ. 1998ರಲ್ಲಿ ಇಬ್ಬರು ಮಾಜಿ ಆಟಗಾರ್ತಿಯರು, ಶಿಕ್ಷಕರು ತಮ್ಮೊಂದಿಗೆ ಅನುಚಿತವಾದ ಮಾತುಗಳನ್ನಾಡಿದರೆಂದು ನ್ಯಾಯಾಲಯದಲ್ಲಿ ದಾವೆ ಹೂಡಿದರು. ಶಿಕ್ಷಕರು ತಾವು ಕಿರುಕುಳ ಕೊಟ್ಟಿಲ್ಲವೆಂದು ಹೇಳಿದರು. ಒಂದು ದಾವೆಯು 2004ರಲ್ಲಿಯೂ ಇನ್ನೊಂದು 2008ರಲ್ಲಿಯೂ ರಾಜಿಯಲ್ಲಿ ಮುಗಿದುವು. ಈ ವಿಷಯದ ತನ್ನ ನಿಯಮಗಳನ್ನು ಪುನಃ ಪರಿಶೀಲಿಸಲು ವಿಶ್ವವಿದ್ಯಾನಿಲಯವು ಒಪ್ಪಿತು. ಎಷ್ಟು ಬಿರುದುಗಳು ಬಂದಿದ್ದರೂ, ಹೆಣ್ಣುಮಕ್ಕಳು ನಿರ್ಭಯವಾಗಿ ದೂರು ಹೇಳಿಕೊಳ್ಳುವ ದಾರಿಯು ತೆರೆದಿರಬೇಕೆಂಬುದಕ್ಕೆ ಇದೇ ದೃಷ್ಟಾಂತ.

ಕಾಲಕ್ರಮದಲ್ಲಿ ಇತರ ವಿಶ್ವವಿದ್ಯಾನಿಲಯಗಳೂ ಸ್ತ್ರೀಯರ ತಂಡಗಳನ್ನು ಶ್ರದ್ಧೆಯಿಂದ ಬೆಳೆಸಿದುವು. ಆದಕಾರಣ ಗೆಲುವು ಸುಲಭವಾಗಿ ಉಳಿಯಲಿಲ್ಲ. 1995ರಲ್ಲಿ ತಂಡವು ತನ್ನ ಸ್ವಂತ ಬಯಲಿನಲ್ಲಿಯೇ ನಾಟರ್ ಡೇಮ್ ತಂಡಕ್ಕೆ ಸೋತಿತು. 2012ರ ಪ್ರಶಸ್ತಿಯ ನಂತರ 12 ವರ್ಷ ಬರಿಗೈಯಾಗಿಯೇ ಇದ್ದಿತು; 2022ರ ಅಂತಿಮ ಪಂದ್ಯದಲ್ಲಿ ಎರಡು ಗೋಲುಗಳಿಂದ ಮುಂದಿದ್ದರೂ, ಆಟ ಮುಗಿಯುವ ಕೊನೆಯ ಕ್ಷಣಗಳಲ್ಲಿ ಸಮವಾಗಿ, ಹೆಚ್ಚುವರಿ ಕಾಲದಲ್ಲಿ ಸೋತುಹೋಯಿತು. ಈ ಸೋಲುಗಳನ್ನು ನಾವು ಕುಂದೆಂದು ಎಣಿಸುವುದಿಲ್ಲ. ಒಂದೇ ತಂಡವು ಯಾವಾಗಲೂ ಗೆಲ್ಲುವ ಕಾಲಕ್ಕಿಂತ, ಅನೇಕ ತಂಡಗಳು ಗೆಲ್ಲಬಲ್ಲ ಕಾಲವೇ ಹೆಣ್ಣುಮಕ್ಕಳ ಆಟಕ್ಕೆ ಏಳಿಗೆಯ ಕಾಲ. 2024ನೇ ಆಗಸ್ಟಿನಲ್ಲಿ ಡೊರಾನ್ಸರು 45 ವರ್ಷಗಳ ಸೇವೆಯಿಂದ ನಿವೃತ್ತರಾದರು. ಅವರ ಸಹಾಯಕರಾಗಿದ್ದ ಡೇಮನ್ ನಹಾಸ್ ಎಂಬವರ ಕೈಕೆಳಗೆ ತಂಡವು ಡಿಸೆಂಬರ್ 9ರಂದು ವೇಕ್ ಫಾರೆಸ್ಟನ್ನು 1-0ರಿಂದ ಗೆದ್ದು, ಕಾಲೇಜು ಸಂಘದ 22ನೆಯ ಪ್ರಶಸ್ತಿಯನ್ನು ಪಡೆಯಿತು.

ಈ ಚರಿತ್ರೆಯಲ್ಲಿ ಮೂರು ಸಂಗತಿಗಳು ಒಂದನ್ನೊಂದು ಹಿಂಬಾಲಿಸಿರುವುದನ್ನು ನಮ್ಮ ವಿದ್ಯಾರ್ಥಿನಿಯರು ಗಮನಿಸಬೇಕು. ಶಾಸನವು ಬಾಗಿಲ ಅಗುಳಿಯನ್ನು ತೆಗೆಯಿತು. ವಿದ್ಯಾರ್ಥಿನಿಯರು ಹೋಗಿ ಆ ಬಾಗಿಲನ್ನು ತಟ್ಟಿದರು. ತೆರೆದ ಮೇಲೆ ದಿನದಿನದ ದುಡಿಮೆಯಿಂದ ತಮ್ಮ ಸ್ಥಳವನ್ನು ಉಳಿಸಿಕೊಂಡರು. ಇವುಗಳಲ್ಲಿ ಯಾವುದೊಂದು ತಪ್ಪಿದ್ದರೂ ಉಳಿದೆರಡು ವ್ಯರ್ಥವಾಗುತ್ತಿದ್ದುವು. ಮನವಿಯನ್ನು ಕೊಟ್ಟ ಆ ಮೊದಲನೆಯ ಹುಡುಗಿಯರ ಹೆಸರುಗಳನ್ನು ಬಹುಮಂದಿ ಅರಿಯರು. ಆದರೂ ಮಿಯಾ ಹ್ಯಾಮಳ ಕೀರ್ತಿಯಲ್ಲಿ ಅವರಿಗೂ ಪಾಲುಂಟು. ಕೇಳಬೇಕಾದುದನ್ನು ಮರ್ಯಾದೆಯಿಂದಲೂ ಧೈರ್ಯದಿಂದಲೂ ಕೇಳುವುದನ್ನು ನಮ್ಮ ಹೆಣ್ಣುಮಕ್ಕಳು ಕಲಿಯಲಿ. ಕೇಳಿದುದು ದೊರೆತಾಗ ಅದಕ್ಕೆ ತಕ್ಕವರಾಗಿ ದುಡಿಯಲಿ.