ಎರಡನೆಯ ತೊಟ್ಟಿಲು

ಮೊದಲ ಬಸಿರಿಗೆ ನಮ್ಮ ಭಾಷೆ ‘ಚೊಚ್ಚಲು’ ಎಂಬ ಮುದ್ದಾದ ಹೆಸರನ್ನು ಕೊಟ್ಟಿದೆ. ಎರಡನೆಯದಕ್ಕೆ ಅಂಥದೊಂದು ಹೆಸರಿಲ್ಲ. ಒಮ್ಮೆ ಹೆತ್ತವಳಿಗೆ ಇನ್ನೇನು ಭಯ ಎಂಬ ಭಾವನೆ ಇದರ ಹಿಂದೆ ಇದ್ದೀತು. ಆದರೆ ಚೊಚ್ಚಲು ಸುಖವಾಗಿ ಕಳೆದು ಎರಡನೆಯದೇ ಗಂಡಾಂತರಕ್ಕೆ ಗುರಿಯಾಗುವ ಸಂದರ್ಭವೂ ಉಂಟು.

ನಾನು 1960ರಲ್ಲಿ ಕಾರ್ಕಳದ ನಮ್ಮ ಮನೆಯಲ್ಲಿ ಹುಟ್ಟಿದ ಚೊಚ್ಚಲು ಮಗು. 1963ರಲ್ಲಿ ಹುಟ್ಟಿದ ತಮ್ಮ ಮರುದಿನವೇ ಅರಸಿನದಂತೆ ಹಳದಿಯಾಗಿ ಐದನೆಯ ದಿನ ತೀರಿಕೊಂಡನಂತೆ. ದೃಷ್ಟಿ ತಗಲಿತೆಂದರು ಕೆಲವರು. ಬಸುರಿ ಪಥ್ಯ ತಪ್ಪಿದಳೆಂದರು ಮತ್ತೆ ಕೆಲವರು. ಆ ಮಾತನ್ನು ಅಮ್ಮ ಬಹುಕಾಲ ಎದೆಯಲ್ಲಿಟ್ಟುಕೊಂಡಿದ್ದಳು. ಮುಪ್ಪಿನಲ್ಲಿ ಬೇರಾವುದೋ ಚಿಕಿತ್ಸೆಗೆಂದು ರಕ್ತ ಪರೀಕ್ಷಿಸಿದಾಗ ಅವಳದು ಆರ್‌ಎಚ್ ನೆಗೆಟಿವ್ ಎಂದು ತಿಳಿಯಿತು. ವೈದ್ಯರು ಹಳೆಯ ಕತೆಯನ್ನು ಕೇಳಿ, “ತಪ್ಪು ನಿಮ್ಮದಲ್ಲ ತಾಯಿ” ಎಂದರು.

ಆರ್‌ಎಚ್ ಎಂಬುದು ರಕ್ತಕಣದ ಮೇಲಿರುವ ಒಂದು ಗುರುತು. ಲ್ಯಾಂಡ್‌ಸ್ಟೈನರ್ ಮತ್ತು ವೀನರ್ 1940ರಲ್ಲಿ ಇದನ್ನು ಪ್ರಕಟಪಡಿಸಿದರು. ನಮ್ಮ ದೇಶದಲ್ಲಿ ಸುಮಾರು ನೂರಕ್ಕೆ ಐವರಲ್ಲಿ ಈ ಗುರುತು ಇಲ್ಲ. ತಾಯಿಯಲ್ಲಿ ಅದಿಲ್ಲದೆ ಮಗುವಿಗೆ ತಂದೆಯಿಂದ ಬಂದಿದ್ದರೆ, ಹೆರಿಗೆಯ ವೇಳೆ ಮಗುವಿನ ರಕ್ತ ಸ್ವಲ್ಪ ತಾಯಿಯ ರಕ್ತದಲ್ಲಿ ಬೆರೆಯುತ್ತದೆ. ಅವಳ ದೇಹ ಅದನ್ನು ಪರಕೀಯವೆಂದು ಬಗೆದು ಪ್ರತಿಕಾಯಗಳನ್ನು ರೂಪಿಸುತ್ತದೆ. ಅಷ್ಟರೊಳಗೆ ಮೊದಲ ಮಗು ಕ್ಷೇಮವಾಗಿ ಹೊರಬಂದಿರುತ್ತದೆ. ಮುಂದಿನ ಬಸಿರಿನಲ್ಲಿ ಆ ಪ್ರತಿಕಾಯಗಳು ಮಾಸನ್ನು ದಾಟಿ ಎರಡನೆಯ ಮಗುವಿನ ರಕ್ತಕಣಗಳನ್ನು ಒಡೆಯುತ್ತವೆ. ರಕ್ತಹೀನತೆಯೂ ಕಡು ಕಾಮಾಲೆಯೂ ಅದರ ಫಲ. ಎಂದರೆ, ನನ್ನ ಹುಟ್ಟೇ ತಮ್ಮನ ಸಾವಿಗೆ ದಾರಿ ಮಾಡಿತ್ತು. ಇದನ್ನು ಅರಿತ ದಿನ ನನಗೆ ನಿದ್ರೆ ಬರಲಿಲ್ಲ.

ತಮ್ಮ ತೀರಿಕೊಂಡ ಆ 1963ರಲ್ಲಿಯೇ ನ್ಯೂಜಿಲೆಂಡಿನ ಲೈಲಿ ಎಂಬ ವೈದ್ಯರು ಗರ್ಭಸ್ಥ ಶಿಶುವಿಗೆ ರಕ್ತ ಕೊಟ್ಟು ಉಳಿಸಿದ್ದರು. ಮಣಿಪಾಲದಲ್ಲಿ ಕಸ್ತೂರ್ಬಾ ಆಸ್ಪತ್ರೆ 1961ರಲ್ಲೇ ಆರಂಭವಾಗಿತ್ತಾದರೂ, ಈ ಕೇಡನ್ನು ಮೊದಲೇ ತಡೆಯುವ ಆಂಟಿ-ಡಿ ಚುಚ್ಚುಮದ್ದು ಲೋಕದ ಬಳಕೆಗೆ ಬಂದುದು 1968ರಲ್ಲಿ. ಅದರ ತತ್ತ್ವ ಮುಳ್ಳಿನಿಂದ ಮುಳ್ಳು ತೆಗೆಯುವುದು. ಅದೇ ಪ್ರತಿಕಾಯವನ್ನು ದಾನಿಗಳ ರಕ್ತದಿಂದ ಪಡೆದು ತಾಯಿಗೆ ಹಿತಮಿತವಾಗಿ ಕೊಟ್ಟರೆ, ಅವಳ ದೇಹ ತಾನಾಗಿ ಅದನ್ನು ರೂಪಿಸುವುದಿಲ್ಲ. ಆಸ್ಟ್ರೇಲಿಯದ ಜೇಮ್ಸ್ ಹ್ಯಾರಿಸನ್ ಎಂಬಾತ ಇದಕ್ಕಾಗಿ 1,173 ಬಾರಿ ದಾನ ಮಾಡಿ 2025ರಲ್ಲಿ ತೀರಿಕೊಂಡರು.

ನನ್ನ ಮಗಳಿಗೆ ಬಂದುದು ಅಜ್ಜಿಯ ರಕ್ತ. ಚೊಚ್ಚಲು ಹೆರಿಗೆಯಾದ 72 ಗಂಟೆಗಳೊಳಗೆ ಅವಳಿಗೆ ಆ ಮದ್ದು ದೊರೆತಿತ್ತು. ಎರಡನೆಯ ಬಸಿರಿನಲ್ಲಿ ತೊಡಕು ಬೇರೆ ಬಗೆಯಲ್ಲಿ ಬಂತು. ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕುಳಿತು, ಏಳನೆಯ ತಿಂಗಳಲ್ಲಿ ರಕ್ತಸ್ರಾವವಾಯಿತು. ಕಾಪುವಿನ ಮನೆಯಿಂದ ಉಡುಪಿಯನ್ನು ಹಾದು ಮಣಿಪಾಲ ತಲಪುವವರೆಗೆ ಯಾರೂ ಮಾತನಾಡಲಿಲ್ಲ. ರಕ್ತಸ್ರಾವವಾದಾಗಲೂ ಈ ಮದ್ದು ಬೇಕು, ಕೊಟ್ಟರು. ಹಲವು ವಾರ ಮಲಗಿದ್ದ ಬಳಿಕ ಶಸ್ತ್ರಕ್ರಿಯೆಯಿಂದ ಹೆಣ್ಣುಮಗು ಜನಿಸಿತು. ಮೂರು ದಿನ ನಾನು ಅದರ ಮುಖದ ಬಣ್ಣವನ್ನೇ ನೋಡುತ್ತಿದ್ದೆ. ಅದು ಹಳದಿಯಾಗಲಿಲ್ಲ.

ನಾಲ್ಕು ವರ್ಷದ ಹಿರಿಯ ಮೊಮ್ಮಗ ತಂಗಿಯ ಬೆರಳು ಮುಟ್ಟಿ, “ಇವಳು ನಮ್ಮಲ್ಲೇ ಇರುತ್ತಾಳೆಯೆ?” ಎಂದು ಕೇಳಿದ. “ಇರುತ್ತಾಳೆ” ಎಂದೆ. ಇಷ್ಟು ಧೈರ್ಯದಿಂದ ನನ್ನ ಅಜ್ಜಿ ನನಗೆ ಹೇಳಲಾಗಲಿಲ್ಲ.

ಬಸುರಿಗೆ ಸೀಮಂತದ ಸೀರೆ ಆರಿಸುವುದಕ್ಕೆ ಮೊದಲು ಅವಳ ರಕ್ತದ ಗುಂಪನ್ನು ತಿಳಿದುಕೊಳ್ಳಿರಿ. ಗರ್ಭಪಾತವಾಗಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬೇಡಿರಿ. ಪ್ರತಿಕಾಯ ಒಮ್ಮೆ ಹುಟ್ಟಿದ ಮೇಲೆ ಈ ಮದ್ದು ಕೆಲಸ ಮಾಡದು. ಎರಡನೆಯ ಮಗುವಿನ ಸ್ವಾಗತ ಮೊದಲನೆಯದರ ತೊಟ್ಟಿಲ ಬಳಿಯಲ್ಲೇ ಆರಂಭವಾಗಬೇಕು.