ಹಾಸಿಗೆ ಒದ್ದೆ ಮಾಡೋ ಮಕ್ಕಳು: ಬೈಯೋ ಮುಂಚೆ ಮಲಬದ್ಧತೆ ಇದೆಯಾ ನೋಡಿ

ವಸತಿ ಶಾಲೆಯಲ್ಲಿ ಆರನೇ ತರಗತಿಗೆ ಸೀಟು ಸಿಕ್ಕರೂ ಮಗುವನ್ನು ಬಿಡಲು ಕೆಲ ಪೋಷಕರು ಹಿಂಜರಿಯುತ್ತಾರೆ. ಕಾರಣ ಬಾಯಿಬಿಟ್ಟು ಹೇಳಲ್ಲ: ಮಗು ಇನ್ನೂ ರಾತ್ರಿ ಹಾಸಿಗೆಯಲ್ಲೇ ಮೂತ್ರ ಮಾಡಿಕೊಳ್ಳುತ್ತದೆ.

ಇದು ಅಪರೂಪವೇನಲ್ಲ. 5 ವರ್ಷದ ಮಕ್ಕಳಲ್ಲಿ ಸುಮಾರು ಶೇ 15, 10 ವರ್ಷದವರಲ್ಲಿ ಸುಮಾರು ಶೇ 5ರಷ್ಟು ಮಂದಿಗೆ ಈ ತೊಂದರೆ ಇರುತ್ತದೆ. ಅಂದ್ರೆ 40 ಮಕ್ಕಳ ಕ್ಲಾಸಿನಲ್ಲಿ ಇಬ್ಬರು. ಹುಡುಗರಲ್ಲಿ ಜಾಸ್ತಿ.

ಸೋಮಾರಿತನವೂ ಅಲ್ಲ, ಹಠವೂ ಅಲ್ಲ. ರಾತ್ರಿ ಮೂತ್ರ ಕಡಿಮೆ ಮಾಡುವ ಹಾರ್ಮೋನ್ ಕೆಲವರಲ್ಲಿ ಸಾಲದು. ಮೂತ್ರಕೋಶ ತುಂಬಿದರೂ ಎಚ್ಚರವಾಗಲ್ಲ. ಅಪ್ಪ ಅಥವಾ ಅಮ್ಮನಿಗೆ ಚಿಕ್ಕಂದಿನಲ್ಲಿ ಇದ್ದರೆ ಮಗುವಿಗೂ ಬರುವ ಸಾಧ್ಯತೆ ಹೆಚ್ಚು. ಮನೆಯ ಅಜ್ಜಿಯನ್ನು ಕೇಳಿದರೆ ನಿಜ ಹೊರಬರುತ್ತೆ!

ಹೆಚ್ಚಿನವರು ಗಮನಿಸದ ಕಾರಣ ಮಲಬದ್ಧತೆ. ಶಾಲೆಯ ಶೌಚಾಲಯ ಗಲೀಜು ಅಂತ ಮಗು ದಿನವಿಡೀ ತಡೆದುಕೊಳ್ಳುತ್ತೆ, ನೀರೂ ಕುಡಿಯಲ್ಲ. ಗಟ್ಟಿಯಾದ ಮಲ ಮೂತ್ರಕೋಶವನ್ನು ಒತ್ತುತ್ತದೆ. ಸಂಜೆ ಮನೆಗೆ ಬಂದು ಗಟಗಟ ನೀರು, ಮೇಲೊಂದು ಟೀ ಕುಡಿದರೆ ರಾತ್ರಿ ಹಾಸಿಗೆ ಒದ್ದೆ. ಹಗಲಲ್ಲೇ ಚೆನ್ನಾಗಿ ನೀರು ಕುಡಿಸಿ, ಸೊಪ್ಪು-ಹಣ್ಣು ಕೊಡಿ, ಸಂಜೆ ಟೀ ಬಿಡಿಸಿ, ಮಲಗೋ ಮುಂಚೆ ಮೂತ್ರಕ್ಕೆ ಕಳಿಸಿ. ಹೊಡೆತ, ಬರೆಯ ಬೆದರಿಕೆಯಿಂದ ಹೆದರಿಕೆ ಹೆಚ್ಚುತ್ತೆ ಅಷ್ಟೇ.

ಆರು ತಿಂಗಳು ನಿಂತಿದ್ದು ಮತ್ತೆ ಶುರುವಾದರೆ, ಉರಿಮೂತ್ರ ಅಥವಾ ಜೋರು ಗೊರಕೆ ಇದ್ದರೆ ವೈದ್ಯರಿಗೆ ತೋರಿಸಿ. ವಿಪರೀತ ಬಾಯಾರಿಕೆ, ತೂಕ ಇಳಿಕೆ ಕಂಡರೆ ಅದೇ ದಿನ ಸಕ್ಕರೆ ಪರೀಕ್ಷೆ ಆಗಲೇಬೇಕು. ಉಳಿದವರಿಗೂ ಅಲಾರಂ, ಮಾತ್ರೆಯಂಥ ಚಿಕಿತ್ಸೆ ಇದೆ. ಹಾಸ್ಟೆಲ್‌ಗೆ ಬಿಡುವುದಾದರೆ ವಾರ್ಡನ್‌ಗೆ ಮೊದಲೇ ಗುಟ್ಟಾಗಿ ತಿಳಿಸಿ, ಬ್ಯಾಗಿನಲ್ಲಿ ಇನ್ನೊಂದು ಬೆಡ್‌ಶೀಟ್ ಇಡಿ.