ಲೆನ್ಸ್ ಕೊಳ್ಳುವ ಮುನ್ನ: ದೂರ, ಬೆಳಕು ಮತ್ತು ತೂಕದ ಲೆಕ್ಕ

ಹವ್ಯಾಸಿ ಛಾಯಾಗ್ರಾಹಕರ ಹಣ ಹೆಚ್ಚು ಸಾರ್ಥಕವಾಗುವುದು ಕ್ಯಾಮೆರಾ ಬಾಡಿಗಿಂತ ಲೆನ್ಸಿನಲ್ಲಿ. ಬಾಡಿಯೊಳಗಿನ ಸೆನ್ಸರ್, ಎಲೆಕ್ಟ್ರಾನಿಕ್ಸ್ ಕೆಲವೇ ವರ್ಷಗಳಲ್ಲಿ ಹಳತಾಗುತ್ತವೆ. ಜೋಪಾನವಾಗಿಟ್ಟ ಒಳ್ಳೆಯ ಲೆನ್ಸ್ ಎರಡು ಮೂರು ಬಾಡಿಗಳ ಆಯುಷ್ಯವನ್ನು ಕಾಣುತ್ತದೆ. ಆದರೂ ಅಂಗಡಿಯಲ್ಲಿ ಮೊದಲು ಬರುವ ಪ್ರಶ್ನೆ ಮೆಗಾಪಿಕ್ಸೆಲ್ ಎಷ್ಟು ಎಂಬುದೇ. ಕೇಳಬೇಕಾದ ಪ್ರಶ್ನೆಗಳು ಬೇರೆ: ಏನನ್ನು ತೆಗೆಯಬೇಕು, ಎಷ್ಟು ದೂರದಿಂದ, ಯಾವ ಬೆಳಕಿನಲ್ಲಿ. ಇವಕ್ಕೆ ಉತ್ತರ ಸಿಕ್ಕರೆ ಯಾವ ಲೆನ್ಸ್ ಬೇಕೆಂಬುದು ಹೆಚ್ಚುಕಡಿಮೆ ತಾನಾಗಿಯೇ ತಿಳಿಯುತ್ತದೆ.

ಲೆನ್ಸಿನ ಮೇಲೆ ಬರೆದಿರುವ ಮೊದಲ ಅಂಕಿ ಅದರ ಫೋಕಲ್ ಲೆಂತ್, ಮಿಲಿಮೀಟರುಗಳಲ್ಲಿ. ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಅಗಲದ ನೋಟವನ್ನು ಹಿಡಿಯುತ್ತದೆ. ದೊಡ್ಡದಾದಷ್ಟೂ ನೋಟ ಕಿರಿದಾಗಿ ದೂರದ ವಸ್ತು ದೊಡ್ಡದಾಗಿ ಕಾಣುತ್ತದೆ. ಹಳೆಯ ಫಿಲ್ಮಿನ ಅಳತೆಯಾದ 36x24 ಮಿ.ಮೀ. ಸೆನ್ಸರಿಗೆ, ಅಂದರೆ ಫುಲ್ ಫ್ರೇಮಿಗೆ, ಮೂಲೆಯಿಂದ ಮೂಲೆಗೆ ಅಳೆದಾಗ 24 ಮಿ.ಮೀ. ಲೆನ್ಸ್ ಸುಮಾರು 84 ಡಿಗ್ರಿ ತೋರಿಸುತ್ತದೆ. 50 ಮಿ.ಮೀ. ಲೆನ್ಸಿನಲ್ಲಿ ಅದು ಸುಮಾರು 47 ಡಿಗ್ರಿ, 200ರಲ್ಲಿ 12, 600ರಲ್ಲಿ ಬರೀ 4 ಡಿಗ್ರಿ. ಹಂಪಿಯ ಹೇಮಕೂಟದ ಮೇಲಿಂದ ವಿರೂಪಾಕ್ಷ ದೇವಾಲಯ, ಅದರ ಮುಂದಿನ ಬೀದಿ, ಆಚೆಯ ಬಂಡೆಗುಡ್ಡಗಳು ಎಲ್ಲವೂ ಒಂದೇ ಚಿತ್ರದಲ್ಲಿ ಬೇಕಾದರೆ 24 ಮಿ.ಮೀ. ಬೇಕು. ಗೋಪುರದ ಒಂದು ನೆಲೆಯಲ್ಲಿರುವ ಗಾರೆಯ ಬೊಂಬೆಗಳಷ್ಟೇ ಸಾಕೆಂದರೆ 200 ಮಿ.ಮೀ.

ಹವ್ಯಾಸಿಗಳು ಕೊಳ್ಳುವ ಬಹುಪಾಲು ಕ್ಯಾಮೆರಾಗಳಲ್ಲಿ ಇರುವುದು ಇದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್. ನಿಕಾನ್, ಸೋನಿ, ಫ್ಯೂಜಿಫಿಲ್ಮ್‌ಗಳ ಎಪಿಎಸ್-ಸಿ ಕ್ಯಾಮೆರಾಗಳಲ್ಲಿ ಫೋಕಲ್ ಲೆಂತನ್ನು 1.5ರಿಂದ, ಕ್ಯಾನನ್‌ನಲ್ಲಿ 1.6ರಿಂದ ಗುಣಿಸಿದರೆ ಫುಲ್ ಫ್ರೇಮಿನ ಸಮಾನ ನೋಟ ಸಿಗುತ್ತದೆ. ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾಗಳಲ್ಲಿ 2ರಿಂದ ಗುಣಿಸಬೇಕು. ಚಿಕ್ಕ ಸೆನ್ಸರಿನ ಮೇಲೆ 300 ಮಿ.ಮೀ. ಲೆನ್ಸ್ 450ರಂತೆ ಕೆಲಸ ಮಾಡುವುದು ಹಕ್ಕಿ ತೆಗೆಯುವವರಿಗೆ ಅನುಕೂಲ. ಇಕ್ಕಟ್ಟಾದ ಗರ್ಭಗುಡಿಯ ಮುಂದೆ ನಿಂತವರಿಗೆ ಅದೇ ಗುಣ ತೊಡಕು. ಅವರಿಗೆ 24ರ ನೋಟ ಬೇಕಾದರೆ 16 ಮಿ.ಮೀ. ಲೆನ್ಸನ್ನೇ ಹುಡುಕಬೇಕಾಗುತ್ತದೆ.

ಉದ್ದನೆಯ ಲೆನ್ಸ್ ಹಿನ್ನೆಲೆಯನ್ನು ಹತ್ತಿರಕ್ಕೆ ಎಳೆಯುತ್ತದೆ, ಅಗಲದ ಲೆನ್ಸ್ ಮುಖವನ್ನು ವಿಕಾರ ಮಾಡುತ್ತದೆ ಎಂಬ ಮಾತು ರೂಢಿಯಲ್ಲಿದೆ. ನಿಜವಾದ ಕಾರಣ ಲೆನ್ಸಲ್ಲ, ನಿಂತ ದೂರ. 28 ಮಿ.ಮೀ. ಲೆನ್ಸಿನಲ್ಲಿ ಮುಖ ಚೌಕಟ್ಟನ್ನು ತುಂಬಬೇಕಾದರೆ ತೀರ ಹತ್ತಿರ ಹೋಗಬೇಕು. ಆಗ ಮೂಗು ಕ್ಯಾಮೆರಾಕ್ಕೆ ಹತ್ತಿರವಾಗಿ, ಕಿವಿ ಅಷ್ಟೇ ಪಾಲು ದೂರವಾಗಿ, ಮೂಗು ದಪ್ಪಗೆ ಕಾಣುತ್ತದೆ. 85 ಮಿ.ಮೀ. ಲೆನ್ಸ್ ತೆಗೆಯುವವರನ್ನು ಒಂದೂವರೆ ಎರಡು ಮೀಟರ್ ಹಿಂದೆ ನಿಲ್ಲಿಸುವುದರಿಂದಲೇ ಭಾವಚಿತ್ರಕ್ಕೆ ಒಗ್ಗುತ್ತದೆ. ಇದು ಗೊತ್ತಿದ್ದರೆ ಕೈಯಲ್ಲಿರುವ ಲೆನ್ಸಿನಲ್ಲೇ ಎರಡು ಹೆಜ್ಜೆ ಹಿಂದೆ ಸರಿದು, ಆಮೇಲೆ ಚಿತ್ರದ ಅಂಚು ಕತ್ತರಿಸಿ, ಎಷ್ಟೋ ಖರ್ಚು ಉಳಿಸಬಹುದು.

ಎರಡನೆಯ ಅಂಕಿ ಅಪರ್ಚರ್. ಎಫ್/1.8, ಎಫ್/2.8, ಎಫ್/4 ಎಂದು ಬರೆದಿರುವುದು ಲೆನ್ಸಿನ ಬಾಯಿ ಅತಿ ಹೆಚ್ಚೆಂದರೆ ಎಷ್ಟು ತೆರೆದುಕೊಳ್ಳುತ್ತದೆ ಎಂಬುದನ್ನು. ಫೋಕಲ್ ಲೆಂತನ್ನು ಆ ಬಾಯಿಯ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ ಇದಾದ್ದರಿಂದ, ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಎಫ್/5.6ರಿಂದ ಎಫ್/2.8ಕ್ಕೆ ಬಂದರೆ ಬೆಳಕು ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಕರಾವಳಿಯ ಬಯಲಾಟವೊಂದರಲ್ಲಿ ಈ ನಾಲ್ಕು ಪಟ್ಟಿನ ಬೆಲೆ ಚೆನ್ನಾಗಿ ತಿಳಿಯುತ್ತದೆ. ರಾತ್ರಿಯ ರಂಗಸ್ಥಳ, ಮೇಲಿಂದ ಬೀಳುವ ದೀಪ, ಧಿಗಿಣ ಹೊಡೆಯುತ್ತಿರುವ ವೇಷಧಾರಿ. ಕ್ಯಾಮೆರಾದೊಂದಿಗೇ ಬರುವ ಕಿಟ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಎಫ್/5.6 ಮಾತ್ರ ಸಿಗುತ್ತದೆ. ಐಎಸ್ಒ 6400ಕ್ಕೆ ಏರಿಸಿದಾಗ ಶಟರ್ ವೇಗ 1/125 ಸೆಕೆಂಡ್ ಬಂತೆಂದು ಇಟ್ಟುಕೊಂಡರೆ, ಕಿರೀಟ, ಕೈ, ಗೆಜ್ಜೆ ಎಲ್ಲವೂ ಕದಡಿದ ಬಣ್ಣವಾಗುತ್ತವೆ. ಅದೇ ಐಎಸ್ಒ, ಅದೇ ಬೆಳಕಿನಲ್ಲಿ ಎಫ್/2.8 ಲೆನ್ಸ್ 1/500 ಸೆಕೆಂಡ್ ಕೊಡುತ್ತದೆ. ನೆಗೆದ ಕಾಲು ಗಾಳಿಯಲ್ಲೇ ಸ್ಪಷ್ಟವಾಗಿ ನಿಲ್ಲುತ್ತದೆ. ಲೆನ್ಸಿನಲ್ಲೋ ಬಾಡಿಯಲ್ಲೋ ಇರುವ ಸ್ಟೆಬಿಲೈಸೇಷನ್ ಇಲ್ಲಿ ನೆರವಿಗೆ ಬರುವುದಿಲ್ಲ. ಅದು ತಡೆಯುವುದು ತೆಗೆಯುವವರ ಕೈನಡುಕವನ್ನು, ಕುಣಿಯುವವರ ಚಲನೆಯನ್ನಲ್ಲ. ಬೇಲೂರಿನ ನವರಂಗದ ಮಂದಬೆಳಕಿನ ಕಂಬಗಳ ಮುಂದೆ ಪರಿಸ್ಥಿತಿ ತಿರುವುಮುರುವು. ಕಂಬ ಅಲುಗುವುದಿಲ್ಲ, ಸಂರಕ್ಷಿತ ಸ್ಮಾರಕದೊಳಗೆ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಸ್ಟೆಬಿಲೈಸೇಷನ್ ತನ್ನ ಬೆಲೆಗೆ ತಕ್ಕ ಕೆಲಸ ಮಾಡುವುದು ಅಂಥ ಕಡೆ.

ಬೆಳಕಿನ ಈ ಲೆಕ್ಕದಿಂದಾಗಿಯೇ, ಕಿಟ್ ಲೆನ್ಸಿನ ನಂತರ ಕೊಳ್ಳುವ ಮೊದಲ ಲೆನ್ಸ್ 50 ಅಥವಾ 35 ಮಿ.ಮೀ. ಎಫ್/1.8 ಆಗಿರುವುದು ಒಳ್ಳೆಯದು. ಜೂಮ್ ಇಲ್ಲದ ಪ್ರೈಮ್ ಲೆನ್ಸುಗಳಲ್ಲಿ ಇವು ಸಾಮಾನ್ಯವಾಗಿ ಅಗ್ಗದವು, ಹಗುರವಾದವು, ಚಿತ್ರದಲ್ಲಿ ಯಾವ ಕೊರತೆಯನ್ನೂ ಮಾಡದವು. ಕಿಟ್ ಲೆನ್ಸನ್ನು ಕೀಳೆಂದು ಬದಿಗಿಡುವುದೂ ಸರಿಯಲ್ಲ. ಕೆಲವು ತಿಂಗಳು ಅದರಲ್ಲೇ ತೆಗೆದು, ಇಷ್ಟವಾದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದರೆ ಪ್ರತಿಯೊಂದರ ಫೋಕಲ್ ಲೆಂತ್ ಚಿತ್ರದ ಮಾಹಿತಿಯಲ್ಲೇ ದಾಖಲಾಗಿರುತ್ತದೆ. 18-55 ಮಿ.ಮೀ. ಕಿಟ್ ಲೆನ್ಸಿನಲ್ಲಿ ಹೆಚ್ಚಿನವು 18ರ ಬಳಿ ಇದ್ದರೆ ಅಗಲದ ಲೆನ್ಸ್ ಬೇಕು, 55ಕ್ಕೆ ತಗುಲಿಕೊಂಡಿದ್ದರೆ ಉದ್ದದ್ದು. ಅಂಗಡಿಯವರ ಸಲಹೆಗಿಂತ ಈ ದಾಖಲೆ ನಂಬಿಕೆಗೆ ಅರ್ಹ.

ಕರ್ನಾಟಕದಲ್ಲಿ ಹವ್ಯಾಸಿಗಳ ಜೇಬಿಗೆ ದೊಡ್ಡ ಕತ್ತರಿ ಬೀಳುವುದು ಹಕ್ಕಿ, ಕಾಡುಪ್ರಾಣಿಗಳ ವಿಷಯದಲ್ಲಿ. 600 ಮಿ.ಮೀ. ಎಫ್/4 ಲೆನ್ಸಿನ ಬಾಯಿ 150 ಮಿ.ಮೀ. ಅಗಲವಿರಲೇಬೇಕು, ಆ ಗಾತ್ರದ ಗಾಜುಗಳಿಂದಾಗಿ ತೂಕ ಮೂರು ಕಿಲೋ ಆಸುಪಾಸು, ಬೆಲೆ ಹತ್ತು ಲಕ್ಷ ರೂಪಾಯಿಗೂ ಮೇಲೆ. ಅದೇ ಉದ್ದವನ್ನು ಎಫ್/6.3ರಲ್ಲಿ ಕೊಡುವ ಸಿಗ್ಮಾ ಮತ್ತು ಟ್ಯಾಮ್ರಾನ್‌ಗಳ 150-600, ಸೋನಿಯ 200-600, ನಿಕಾನ್‌ನ 180-600 ಜೂಮುಗಳು ಎರಡು ಕಿಲೋ ಆಸುಪಾಸಿನಲ್ಲಿ, ಅದರ ಒಂದು ಸಣ್ಣ ಪಾಲಿನ ಬೆಲೆಗೆ ಸಿಗುತ್ತವೆ. ಕ್ಯಾನನ್‌ನ ಆರ್‌ಎಫ್ 100-400 ಎಫ್/5.6-8 ತೂಗುವುದು ಬರೀ 635 ಗ್ರಾಂ. ಮುಂಜಾನೆಯ ಕಾಡಿನಲ್ಲಿ ಅದು ತಿಣುಕುತ್ತದೆ, ಬಿಸಿಲೇರಿದ ಮೇಲೆ ಹೊತ್ತು ನಡೆಯುವವರಿಗೆ ಅದಕ್ಕಿಂತ ಸುಖವಾದದ್ದು ಕಡಿಮೆ.

ಜಾಗವನ್ನು ನೋಡಿ ಲೆಕ್ಕ ಹಾಕಿದರೆ ಇಷ್ಟು ಉದ್ದವೂ ಎಲ್ಲ ಕಡೆ ಬೇಕಿಲ್ಲ. 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ರಂಗನತಿಟ್ಟಿನಲ್ಲಿ ದೋಣಿ ಕಾವೇರಿಯ ನಡುಗಡ್ಡೆಗಳ ಪಕ್ಕದಲ್ಲೇ ಸಾಗುತ್ತದೆ. ಗೂಡುಕಟ್ಟುವ ಕಾಲದಲ್ಲಿ ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿಗಳಿಗೆ ಎಪಿಎಸ್-ಸಿ ಕ್ಯಾಮೆರಾದ ಮೇಲೆ 300 ಮಿ.ಮೀ. ಸಾಕಾಗುತ್ತದೆ. ಅಲುಗುವ ದೋಣಿಯಲ್ಲಿ ಟ್ರೈಪಾಡ್ ಉಪಯೋಗವಿಲ್ಲ. ಕೈಯಲ್ಲೇ ಹಿಡಿದು 1/1000 ಸೆಕೆಂಡಿಗಿಂತ ವೇಗದ ಶಟರಿನಲ್ಲಿ ತೆಗೆಯಬೇಕಾದ್ದರಿಂದ ಹಗುರವಾದ ಲೆನ್ಸೇ ಅಲ್ಲಿ ಅನುಕೂಲ. ಕೊಕ್ಕರೆ ಬೆಳ್ಳೂರಿನಲ್ಲಂತೂ ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಕಬಿನಿ, ನಾಗರಹೊಳೆಯ ಸಫಾರಿ ಬೇರೆಯೇ ಲೆಕ್ಕ. ವಾಹನದಿಂದ ಇಳಿಯುವಂತಿಲ್ಲ, ಪ್ರಾಣಿ ಎಷ್ಟು ದೂರದಲ್ಲಿ ಕಾಣುತ್ತದೆಂಬುದು ನಮ್ಮ ಕೈಯಲ್ಲಿಲ್ಲ, ಬೆಳಗಿನ ಬೆಳಕು ಮಂದ. ವರ್ಷಕ್ಕೊಂದೆರಡು ಸಲ ಹೋಗುವವರು ಉದ್ದನೆಯ ಲೆನ್ಸನ್ನು ಬೆಂಗಳೂರು, ಮೈಸೂರುಗಳಲ್ಲಿ ದಿನಬಾಡಿಗೆಗೆ ತಂದು, ವಾಹನದ ಕಂಬಿಯ ಮೇಲೆ ಬೀನ್ ಬ್ಯಾಗ್ ಇಟ್ಟು ಬಳಸುವುದೇ ಜಾಣತನ. ಟೆಲಿಕನ್ವರ್ಟರಿನಿಂದ ಉದ್ದ ಹೆಚ್ಚಿಸಿಕೊಳ್ಳುವ ದಾರಿಯೂ ಉಂಟು, ಆದರೆ 1.4 ಪಟ್ಟಿನದು ಬೆಳಕನ್ನು ಅರ್ಧಕ್ಕೆ, 2 ಪಟ್ಟಿನದು ಕಾಲು ಭಾಗಕ್ಕೆ ಇಳಿಸುತ್ತದೆ. ಎಫ್/6.3 ಜೂಮಿನ ಹಿಂದೆ ಎರಡನೆಯದನ್ನು ಹಾಕಿದರೆ ಫೋಕಸ್ ತಡಕಾಡತೊಡಗುತ್ತದೆ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಅವರಂಥವರು ಈ ನಾಡಿನ ವನ್ಯಜೀವಿಗಳನ್ನು ಸೆರೆಹಿಡಿದದ್ದು ಫಿಲ್ಮಿನಲ್ಲಿ, ಕೈಯಿಂದಲೇ ಫೋಕಸ್ ತಿರುಗಿಸಬೇಕಾಗಿದ್ದ ಕಾಲದಲ್ಲಿ. ಪ್ರಾಣಿಯ ನಡೆನುಡಿ ಬಲ್ಲವರಿಗೆ ಲೆನ್ಸಿನ ಉದ್ದದ ಕೊರತೆ ಅಷ್ಟಾಗಿ ಕಾಡುವುದಿಲ್ಲ ಎಂಬುದಕ್ಕೆ ಅವರ ಚಿತ್ರಗಳೇ ಆಧಾರ.

ಆಗುಂಬೆಯ ಮಳೆಗಾಲದ ಕಪ್ಪೆ, ಹುಳು, ಅಣಬೆಗಳಿಗೆ 90ರಿಂದ 105 ಮಿ.ಮೀ. ಮ್ಯಾಕ್ರೋ ಲೆನ್ಸ್ ಹೇಳಿ ಮಾಡಿಸಿದ್ದು. ವಸ್ತುವನ್ನು ಅದರ ನಿಜ ಗಾತ್ರದಲ್ಲೇ ಸೆನ್ಸರಿನ ಮೇಲೆ ಮೂಡಿಸುತ್ತದೆ. ಅಷ್ಟು ಖರ್ಚು ಬೇಡವೆಂದರೆ ಇರುವ ಲೆನ್ಸಿನ ಹಿಂದೆ ಹಾಕುವ ಎಕ್ಸ್‌ಟೆನ್ಷನ್ ಟ್ಯೂಬ್ ಸಾಕು.

ಲೆನ್ಸ್ ಕೂರುವ ಬಳೆ, ಅಂದರೆ ಮೌಂಟ್, ಹಲವು ವರ್ಷಗಳ ಬದ್ಧತೆ. ಒಂದು ಕಂಪನಿಯ ಮೌಂಟಿಗೆ ನಾಲ್ಕು ಲೆನ್ಸ್ ಕೊಂಡ ಮೇಲೆ ಇನ್ನೊಂದಕ್ಕೆ ಹೋಗುವುದು ದುಬಾರಿ. ನಿಕಾನ್ ಎಫ್ ಮೌಂಟ್ 1959ರದು, ಕ್ಯಾನನ್ ಇಎಫ್ 1987ರದು. 2018ರಲ್ಲಿ ಬಂದ ನಿಕಾನ್ ಝಡ್ ಮತ್ತು ಕ್ಯಾನನ್ ಆರ್‌ಎಫ್ ಮಿರರ್‌ಲೆಸ್ ಮೌಂಟುಗಳ ನಂತರ ಹೊಸ ಲೆನ್ಸುಗಳೆಲ್ಲ ಹೆಚ್ಚುಕಡಿಮೆ ಈಚಿನವಕ್ಕೇ ಬರುತ್ತಿವೆ. 2010ರಲ್ಲಿ ಶುರುವಾದ ಸೋನಿಯ ಇ ಮೌಂಟಿಗೆ ಸಿಗ್ಮಾ, ಟ್ಯಾಮ್ರಾನ್ ಲೆನ್ಸುಗಳು ಧಾರಾಳ. ಕ್ಯಾನನ್ ಆರ್‌ಎಫ್‌ಗೆ ಆ ಕಂಪನಿಗಳ ಆಟೋಫೋಕಸ್ ಲೆನ್ಸುಗಳು 2024ರಲ್ಲಿ, ಅದೂ ಎಪಿಎಸ್-ಸಿಗೆ, ಬರತೊಡಗಿದವು. ಹಳೆಯ ಲೆನ್ಸನ್ನು ಅಡಾಪ್ಟರಿನಿಂದ ಹೊಸ ಬಾಡಿಗೆ ಹಾಕಬಹುದು, ಆದರೆ ಮೊದಲೇ ವಿಚಾರಿಸಬೇಕು. ನಿಕಾನ್‌ನ 50 ಮಿ.ಮೀ. ಎಫ್/1.8ಡಿ ಲೆನ್ಸಿನೊಳಗೆ ಮೋಟರ್ ಇಲ್ಲ. ನಿಕಾನಿನದೇ ಎಫ್‌ಟಿಝಡ್ ಅಡಾಪ್ಟರಿನ ಮೇಲೆ ಅದರ ಫೋಕಸನ್ನು ಕೈಯಿಂದಲೇ ತಿರುಗಿಸಬೇಕಾಗುತ್ತದೆ.

ಉಳಿದ ಸಾಮಾನುಗಳಲ್ಲಿ ಗಟ್ಟಿಯಾದ ಟ್ರೈಪಾಡಿಗೆ ಕೊಟ್ಟ ಹಣ ವ್ಯರ್ಥವಾಗುವುದಿಲ್ಲ. ಹಗುರವಾದ ಅಗ್ಗದ ಟ್ರೈಪಾಡ್ ಗಾಳಿಗೆ ನಡುಗುತ್ತದೆ. ಲೆನ್ಸ್ ಹುಡ್ ಅಡ್ಡ ಬೆಳಕನ್ನೂ ತಡೆಯುತ್ತದೆ, ಪೆಟ್ಟನ್ನೂ ತಡೆಯುತ್ತದೆ, ಆದ್ದರಿಂದ ಯುವಿ ಫಿಲ್ಟರಿಗಿಂತ ಮೊದಲು ಅದನ್ನು ಕೊಳ್ಳಬೇಕು. ಒದ್ದೆ ಎಲೆ, ನೀರಿನ ಮೇಲಿನ ಹೊಳಪು ಕಳೆಯಲು ಪೋಲರೈಸರ್ ಬೇಕು. ಆ ಪರಿಣಾಮವನ್ನು ಕಂಪ್ಯೂಟರಿನಲ್ಲಿ ತರುವುದು ಕಷ್ಟ.

ಮಲೆನಾಡು, ಕರಾವಳಿಯ ಮಳೆಗಾಲ ಲೆನ್ಸಿಗೆ ನಿಜವಾದ ಶತ್ರು. ಬ್ಯಾಗಿನೊಳಗೆ ಮುಚ್ಚಿಟ್ಟ ಲೆನ್ಸಿನ ಗಾಜುಗಳ ನಡುವೆ ತೇವ ಸೇರಿ ಫಂಗಸ್ ಹಿಡಿಯುತ್ತದೆ. ಬೇಗ ಕಂಡುಬಂದರೆ ಬಿಚ್ಚಿ ಒರೆಸಿಸಬಹುದು, ಬಿಟ್ಟರೆ ಗಾಜಿನ ಮೇಲಿನ ಲೇಪನವನ್ನೇ ಅದು ತಿಂದುಹಾಕುತ್ತದೆ. ತೇವಾಂಶವನ್ನು ಶೇ. 40ರಿಂದ 50ರ ನಡುವೆ ಇಡುವ ಡ್ರೈ ಕ್ಯಾಬಿನೆಟ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಳಗೊಂದು ಸಣ್ಣ ತೇವಮಾಪಕ ಸಾಕು. ಜೆಲ್ ತೇವ ಹೀರಿ ಬಣ್ಣ ಬದಲಿಸಿದಾಗ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗಲೂ ಮೊದಲು ನೋಡಬೇಕಾದದ್ದು ಇದನ್ನೇ. ಲೆನ್ಸಿನ ಎರಡೂ ಮುಚ್ಚಳ ತೆಗೆದು ಹಿಂದಿನಿಂದ ಮೊಬೈಲಿನ ಟಾರ್ಚ್ ಹಾಯಿಸಿದರೆ ಫಂಗಸ್ ಜೇಡರ ಬಲೆಯ ಎಳೆಯಂತೆ ಕಾಣುತ್ತದೆ. ಒಂದೆರಡು ಧೂಳಿನ ಕಣ ಚಿತ್ರಕ್ಕೆ ಬಾಧಕವಲ್ಲ. ಅಪರ್ಚರಿನ ಎಸಳುಗಳ ಮೇಲೆ ಎಣ್ಣೆಯ ಜಿಡ್ಡಿರಬಾರದು, ಜೂಮ್ ಉಂಗುರ ತಿರುಗಿಸುವಾಗ ಮರಳು ಉಜ್ಜಿದ ಸದ್ದು ಬರಬಾರದು. ಸ್ವಂತ ಬಾಡಿಗೆ ಹಾಕಿ, ಇಟ್ಟಿಗೆ ಗೋಡೆಯೊಂದನ್ನು ಪೂರ್ತಿ ತೆರೆದ ಅಪರ್ಚರಿನಲ್ಲಿ ತೆಗೆದು ನಾಲ್ಕೂ ಮೂಲೆಗಳನ್ನು ಹಿಗ್ಗಿಸಿ ನೋಡಬೇಕು. ಒಂದೇ ಮೂಲೆ ಮಸುಕಾಗಿದ್ದರೆ ಆ ಲೆನ್ಸ್ ಎಲ್ಲೋ ಬಿದ್ದು ಒಳಗಿನ ಗಾಜು ಜಾಗ ಬಿಟ್ಟಿರುವ ಸಾಧ್ಯತೆ ಹೆಚ್ಚು.